ಬಾಣಂತಿ ಖೋಲಿಗೆ ಬಡಿದ ಗಾಳಿ

ನಮ್ಮ ಆಯಿ ಹಣಮವ್ವನಿಗೆ ಈ ಲೋಕದಲ್ಲಿ ವೈರಿ ಅಂತ ಇದ್ದದ್ದು ಗಾಳಿ ಒಂದೇ. ಹೊಲದ ಬದುವಿಗೆ ಜಗಳ ತೆಗೆದವರ ಮನೆಯ ಮದುವೆಗೂ ಹೋಗಿ ಹಾಡಿ ಬರುತ್ತಿದ್ದಳು, ಆದರೆ ಗಾಳಿಯ ಜೊತೆ ರಾಜಿ ಇಲ್ಲ. ಸುಗ್ಗಿಯಲ್ಲಿ ಜೋಳ ತೂರಲು ಗಾಳಿ ಬೇಕೇ ಬೇಕಲ್ಲ, ಆಗಲೂ ಕಿವಿಗೆ ಹತ್ತಿ ತುರುಕಿಕೊಂಡು, ಸೆರಗಿನ ಮೇಲೆ ಇನ್ನೊಂದು ಅರಿವೆ ಬಿಗಿದುಕೊಂಡು, ಗಾಳಿಗೆ ಬೈಯುತ್ತಲೇ ತೂರುತ್ತಿದ್ದಳು. ಗಾಳಿ ನಿಂತರೆ 'ಎಲ್ಲಿ ಹಾಳಾಗಿ ಹೋತಿದು' ಅಂತ ಅದಕ್ಕೂ ಬೈಗುಳ. ಪಾಪ, ಗಾಳಿಯಾದರೂ ಏನು ಮಾಡಬೇಕು?

ಈ ಕಥೆಯಲ್ಲಿ ನಾನೂ ಇದ್ದೇನೆ. ಆದರೆ ಆಗ ನಾನು ತಲೆಗೆ ಕುಂಚಗಿ ಕಟ್ಟಿದ ಕೂಸು, ಅಳುವುದು ಬಿಟ್ಟರೆ ಬೇರೆ ಉದ್ಯೋಗ ಇರಲಿಲ್ಲ. ನಮ್ಮವ್ವ ಹೇಳಿದ್ದು, ಆಯಿಯ ಗಂಡ ಮುತ್ಯಾ ಹೇಳಿದ್ದು, ಊರವರು ಉಪ್ಪುಖಾರ ಹಚ್ಚಿ ಹೇಳಿದ್ದು ಎಲ್ಲ ಕೂಡಿಸಿ ನಾನು ಹೇಳುತ್ತೇನೆ. ನಡುವೆ ಯಾರಾದರೂ ಬಾಯಿ ಹಾಕಿ 'ಹಂಗಲ್ಲ, ಹಿಂಗ' ಅಂದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಅವರಿಗೆ ಅಷ್ಟು ಗೊತ್ತಿದ್ದರೆ ಅವರೇ ಹೇಳಲಿ, ನಾನು ಚಹಾ ಕುಡಿಯುತ್ತ ಕೂರುತ್ತೇನೆ.

ಆಯಿಯ ವೈರಕ್ಕೆ ಕಾರಣ ಇತ್ತು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ತುಳಜಾಬಾಯಿ, ಕಿರಿಯವಳು ನಮ್ಮವ್ವ ಸಕ್ಕುಬಾಯಿ. ತುಳಜಾಬಾಯಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದವಳು ಒಂದು ಚಳಿಗಾಲದ ಮುಂಜಾನೆ ಬಾಣಂತಿ ಖೋಲಿಯಲ್ಲಿ ಮಲಗಿದವಳು ಏಳಲೇ ಇಲ್ಲ. ಮಗ್ಗುಲಿನ ಕೂಸೂ ಏಳಲಿಲ್ಲ. ಜ್ವರ ಇರಲಿಲ್ಲ, ನಂಜು ಇರಲಿಲ್ಲ, ಮೈಮೇಲೆ ಒಂದು ಗೀರು ಇರಲಿಲ್ಲ. 'ಗಾಳಿ ಬಡದದ' ಅಂತ ಊರು ಒಂದೇ ಮಾತಿನಲ್ಲಿ ಮುಗಿಸಿತು. ಬೀಸುವ ಗಾಳಿಯೋ ಮೆಟ್ಟಿಕೊಳ್ಳುವ ಗಾಳಿಯೋ ಅಂತ ಯಾರೂ ಬೇರೆ ಮಾಡಿ ಹೇಳಲಿಲ್ಲ. ಆಯಿಯೂ ಬೇರೆ ಮಾಡಲಿಲ್ಲ. ಎರಡೂ ಬರುವುದು ಒಂದೇ ಕಿಂಡಿಯಿಂದ ಅಂತ ಅವಳ ಲೆಕ್ಕ. ತಾನು ಅಷ್ಟೆಲ್ಲ ಮುಚ್ಚಿದ್ದರೂ ಎಲ್ಲೋ ಒಂದು ಸಂದು ಕಣ್ಣು ತಪ್ಪಿಸಿತ್ತು, ಅಲ್ಲಿಂದ ಬಂದು ಮಗಳನ್ನು ಒಯ್ದಿತು ಅಂತ ತಿಳಿದು ವರ್ಷಗಟ್ಟಲೆ ಆ ಸಂದು ಹುಡುಕಿದಳು. ಆಮೇಲೆ ನಮ್ಮವ್ವನ ಸರದಿ ಬಂತು. ಈ ಮಗಳನ್ನು ಮಾತ್ರ ಗಾಳಿಗೆ ಕೊಡುವುದಿಲ್ಲ ಅಂತ ಆಯಿ ಹಟ ಹಿಡಿದಳು.

ಅದು ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷದ ಚಳಿಗಾಲ. ದೇಶಕ್ಕೆ ಅಂದರೆ ಭೀಮಾ ಹೊಳೆಯ ಆಚೆ ದಂಡೆಗೆ. ನಮ್ಮ ಮಣ್ಣೂರ ಇದ್ದದ್ದು ಈಚೆ ದಂಡೆಗೆ, ನಿಜಾಮರ ಸೀಮೆಯಲ್ಲಿ. ಸ್ವಾತಂತ್ರ್ಯ ಬಂದದ್ದೇನೋ ಬಂತು, ಹೊಳೆಯ ನಡುವಿಗೆ ಬಂದು ನಿಂತುಬಿಟ್ಟಿತು. ಆಚೆ ದಂಡೆಯ ಎಮ್ಮೆಗಳು ಸ್ವತಂತ್ರ, ಈಚೆ ದಂಡೆಯವು ಅಲ್ಲ; ನೀರಿಗಿಳಿದ ಮೇಲೆ ಯಾವುದು ಯಾವುದೋ ದೇವರಿಗೇ ಗೊತ್ತು. ಸಂಜೆ ಹೊಳೆಯ ಕಡೆಯಿಂದ ತಣ್ಣಗೆ ಬೀಸತೊಡಗಿದರೆ ನಮ್ಮ ಮುತ್ಯಾ ಚಂದಪ್ಪ ಅಂಗಳದಲ್ಲಿ ಕೂತು ಆಯಿಯನ್ನು ಕೆಣಕುತ್ತಿದ್ದ.

"ಅದು ಸ್ವತಂತ್ರ ಗಾಳಿ ಬೇ. ಬಂದ್ರ ಬರವಲ್ದ್ಯಾಕ!"

"ಸ್ವತಂತ್ರ ಆಗ್ಯದಂದ್ರ ಇನ್ನೂ ಸೊಕ್ಕಿರ್ತದ. ಸುಮ್ಮ ಕುಂದರಬ್ಯಾಡ್ರಿ, ಆ ಕಿಂಡಿ ಮುಚ್ಚರಿ ಮೊದಲ."

ನಮ್ಮ ಕಡೆಯ ಮಾಳಿಗೆ ಮನೆಗಳಿಗೆ ಕಿಟಕಿ ಇಲ್ಲವೆನ್ನುವಷ್ಟು ಕಡಿಮೆ. ಮೇಲೆ ಮಣ್ಣಿನ ಮಾಳಿಗೆ, ಅದರಲ್ಲಿ ಗುಂಡಗೆ ಒಂದು ಬೆಳಕಿಂಡಿ. ಬೆಳಕು ಇಳಿಯುವುದೂ ಅದರಿಂದಲೇ, ಹೊಗೆ ಏರುವುದೂ ಅದರಿಂದಲೇ. ಆ ವರ್ಷ ಊರಲ್ಲಿ ಸುದ್ದಿಯೋ ಸುದ್ದಿ. ಇವತ್ತು ದಂಡು ಬರುತ್ತದಂತೆ, ನಾಳೆ ಲೂಟಿಯಂತೆ, ಮಾಳಿಗೆ ಹತ್ತಿ ಕಿಂಡಿಯಿಂದ ಇಳಿಯುತ್ತಾರಂತೆ. ಯಾರ ದಂಡು, ಎಲ್ಲಿಂದ ಅಂತ ಕೇಳಿದರೆ ಹೇಳುವವರು ಇರಲಿಲ್ಲ. ಆದರೂ ಮನೆಮನೆಯವರೂ ಬೆಳಕಿಂಡಿಗೆ ಕಲ್ಲು ಹೇರಿ ಮಣ್ಣು ಮೆತ್ತಿ ಕೂತರು. ಬೇರೆ ವರ್ಷವಾಗಿದ್ದರೆ ಆಯಿಯ ಹುಚ್ಚು ಎದ್ದು ಕಾಣುತ್ತಿತ್ತು. ಆ ವರ್ಷ ಅದು ಜಾಣತನ ಅನ್ನಿಸಿಕೊಂಡಿತು. ಮುತ್ಯಾ ಕೂಡ ಎದುರು ಮಾತಾಡದೆ ಮಾಳಿಗೆ ಹತ್ತಿ, ಒಡೆದ ಬೀಸುಕಲ್ಲನ್ನು ಬಾಣಂತಿ ಖೋಲಿಯ ಕಿಂಡಿಯ ಮೇಲೆ ಬೋರಲು ಹಾಕಿ, ಸುತ್ತ ಕೆಸರು ಮೆತ್ತಿ ಬಂದ.

ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಡುವುದು ನಮ್ಮಲ್ಲಿ ಮೊದಲಿನಿಂದ ಬಂದದ್ದು. ಹಿಂದೆ ಒಡೆದ ಗಡಿಗೆಯ ಬುಡದಲ್ಲಿ ಕೆಂಡ ಇಡುತ್ತಿದ್ದರು. ನಮ್ಮವ್ವನ ಬಾಣಂತನ ಮಾತ್ರ ಭರ್ಜರಿಯಾಗಬೇಕು ಅಂತ ಮುತ್ಯಾ ಸೊಲ್ಲಾಪುರಕ್ಕೆ ಹೋಗಿ ಮೂರು ಕಾಲಿನ ಕಬ್ಬಿಣದ ಶೆಗಡಿ, ಅಂದರೆ ಇದ್ದಿಲ ಒಲೆ, ಕೊಂಡು ತಂದ. ತರುವಾಗ ಹೊಳೆ ದಾಟಿದ ಕೂಡಲೇ ನಿಜಾಮರ ಗಡಿನಾಕಾದ ಜವಾನ ತಡೆದನಂತೆ.

"ಏನಿದು? ತೋಪೇನು?"

"ತೋಪಲ್ರೀ ಸಾಹೇಬ್ರ, ಶೆಗಡಿ. ಮಗಳು ಬಾಣಂತಿ ಅದಾಳ."

"ಶೆಗಡಿಗೆ ಮೂರು ಕಾಲು ಯಾಕ? ಇದನ್ನ ಜಮೀನ ಮ್ಯಾಲ ಇಟ್ಟು ಹಾರಸ್ತಾರ. ನನಗ ಮಾಲೂಮ ಅದ."

ಮುತ್ಯಾ ಅಲ್ಲೇ ಇದ್ದಿಲು ತುಂಬಿ ಹೊತ್ತಿಸಿ, ಅದರ ಮೇಲೆ ಜವಾನನಿಗೆ ಚಹಾ ಕಾಸಿಕೊಟ್ಟ ಮೇಲೆಯೇ ಅದು ತೋಪಲ್ಲ ಅಂತ ಸಾಬೀತಾಯಿತು. ಆ ಜವಾನ ಚಹಾ ಕುಡಿದು, 'ಭಾರಿ ಚಲೋ ಅದ, ಹೊಗೀನೇ ಇಲ್ಲ' ಅಂದನಂತೆ. ಬಯಲಲ್ಲಿ ಕೂತು ಹೇಳಿದ ಮಾತು. ಮುತ್ಯಾ ಅದನ್ನು ಮನೆಗೆ ಬಂದು ದೊಡ್ಡ ಸರ್ಟಿಫಿಕೇಟು ಅನ್ನುವ ಹಾಗೆ ಹೇಳಿದ.

ಆಯಿಗೆ ಶೆಗಡಿ ಬಹಳ ಮನಸ್ಸಿಗೆ ಬಂತು. ಹೊಗೆ ಇಲ್ಲ ಅಂದಮೇಲೆ ಹೊಗೆಗೆ ದಾರಿ ಯಾಕೆ ಬೇಕು? ಅಲ್ಲಿಗೆ ಬೆಳಕಿಂಡಿಯ ಕೊನೆಯ ಹಕ್ಕೂ ಹೋಯಿತು. ಹೆರಿಗೆಗೆ ಮುಂಚಿನ ದಿನಗಳಲ್ಲಿ ಆಯಿ ಖೋಲಿ ಮುಚ್ಚುವ ಕೆಲಸಕ್ಕೆ ನಿಂತಳು. ಗೋಡೆಯ ಬಿರುಕಿಗೆ ಸೆಗಣಿ ಮಣ್ಣು, ಇಲಿ ಬಿಲಕ್ಕೆ ಹಂಚಿನ ಚೂರು, ತೊಲೆ ಗೋಡೆಗೆ ಕೂಡುವಲ್ಲಿ ಹಳೆ ಸೀರೆಯ ಚಿಂದಿ, ಬಾಗಿಲಿಗೆ ಒಳಗೊಂದು ಹೊರಗೊಂದು ಕೌದಿ. ಇರುವೆ ಹೊರಡುವ ತೂತನ್ನೂ ಬಿಡಲಿಲ್ಲ. ದೀಪ ಹಿಡಿದು ಗೋಡೆಗುಂಟ ಓಡಾಡಿದಳು. ದೀಪದ ಕುಡಿ ಎಲ್ಲಿ ಅಲುಗುತ್ತದೋ ಅಲ್ಲಿ ಮೆತ್ತುವುದು. ಕೊನೆಗೆ ದೀಪ ಎಲ್ಲಿಯೂ ಅಲುಗಲಿಲ್ಲ. ಆಯಿ ಖುಷಿಯಿಂದ ಹೊರಗೆ ಬಂದು, "ಈಗ ಬರ್ಲಿ ನೋಡೋಣು ಅದು, ಅದರಪ್ಪನ ಕಡೀಂದ ಬರ್ತದ" ಅಂದಳು.

ನಾನು ಹುಟ್ಟಿದೆ. ಅವ್ವನಿಗೆ ತಲೆಗೆ ಬಟ್ಟೆ ಬಿಗಿದು, ಕಿವಿಗೆ ಹತ್ತಿ ಇಟ್ಟು, ಹೊರಸಿನ ಮೇಲೆ ಮಲಗಿಸಿ, ಕೆಳಗೆ ಶೆಗಡಿ ತುಂಬ ಜಾಲಿ ಇದ್ದಿಲಿನ ನಿಗಿನಿಗಿ ಕೆಂಡ ಇಟ್ಟರು. ಆ ಸೆಕೆಗೆ ನಾನು ಒಂದೇ ಸಮನೆ ಕಿರುಚಿದೆನಂತೆ. ನನ್ನ ಗಂಟಲು ಯಾರೂ ತಡೆಯುವ ಗಂಟಲಲ್ಲ, ಈಗಲೂ ಅಲ್ಲ. ಆಯಿ ಸೋತು ನನ್ನನ್ನು ಕೌದಿಯಲ್ಲಿ ಸುತ್ತಿ ಪಡಸಾಲೆಯಲ್ಲಿ ಕೂತ ಮುತ್ಯಾನ ತೊಡೆಗೆ ಹಾಕಿದಳು. ಹಾಲು ಕುಡಿಯಲಷ್ಟೇ ಒಳಗೆ ಒಯ್ಯುವುದು, ಕುಡಿದ ಕೂಡಲೇ ಕಿರುಚುವುದು, ಮತ್ತೆ ಹೊರಗೆ. ಹೀಗೆ ನಾನು ಬದುಕಿದೆ. ಅಳುವ ಮಕ್ಕಳನ್ನು ಬೈಯುವವರನ್ನು ಕಂಡರೆ ನನಗೆ ಅದಕ್ಕೇ ಆಗುವುದಿಲ್ಲ.

ಅವ್ವನ ಮುಖ ಕೆಂಪಗಾಯಿತು. "ನೋಡ್ರಿ, ಮಾರಿ ಹ್ಯಾಂಗ ಡಾಳಿಂಬರಿ ಆಗ್ಯದ" ಅಂತ ಆಯಿ ಕಂಡವರಿಗೆಲ್ಲ ಹೇಳಿದಳು. ಮರುದಿನ ಅವ್ವ ತಲೆ ಹಿಡಿದುಕೊಂಡಳು.

"ಯವ್ವಾ, ತಲಿ ಸಿಡ್ಯಾಕತ್ತದ. ಹೊಟ್ಟಿ ತೊಳಸ್ತದ. ಬಾಗಲಾ ಒಂದೀಟು ತಗೀ ಯವ್ವಾ."

"ತಗ್ಯಾಂಗಿಲ್ಲ ನನ್ನ ಬಂಗಾರ. ನಿಮ್ಮಕ್ಕನೂ ಹಿಂಗಽ ತಗೀ ತಗೀ ಅಂತಿದ್ಲು. ಹೊಂಚು ಹಾಕಿ ಕುಂತದ ಅದು ಹೊರಗ."

ಅಂಟಿನ ಉಂಡೆ ತಿಂದದ್ದು ಕಾರಿಕೊಂಡಳು. ಸಂಜೆಗೆ ಎಚ್ಚರ ತಪ್ಪಿತು. ಆಯಿ ಹೊಯ್ಕೊಂಡದ್ದು ಹೊಳೆಯ ಆಚೆ ದಂಡೆಯ ಸ್ವತಂತ್ರ ಭಾರತಕ್ಕೂ ಕೇಳಿಸಿತಂತೆ. ಊರು ಬಂದು ನೆರೆಯಿತು, ಬಗ್ಗಿ ನೋಡಿತು, ಅದೇ ಮಾತು ಹೇಳಿತು: ಗಾಳಿ ಬಡದದ.

ಗಾಳಿ ಬಿಡಿಸಲು ಊರಲ್ಲಿದ್ದವನು ಲಾಡ್ಲೆಸಾಬ. ದುವಾ ಓದಿ ತಾಯತ ಕಟ್ಟುತ್ತಿದ್ದ, ಹಿಂದೂ ಮುಸಲ್ಮಾನ ಅನ್ನದೆ ಎಲ್ಲರ ದೆವ್ವಗಳೂ ಅವನ ಮಾತು ಕೇಳುತ್ತಿದ್ದವು. ಬಂದವನು ಖೋಲಿಯೊಳಗೆ ಕೂತು ಲೋಬಾನ ಹಾಕಿದ. ಇದ್ದ ಕೆಂಡದ ಮೇಲೆ ಅದರ ಹೊಗೆಯೂ ಸೇರಿತು. ಸ್ವಲ್ಪ ಹೊತ್ತಿಗೆ ಬೆವರು ಒರೆಸಿಕೊಳ್ಳುತ್ತ, "ಹಣಮಕ್ಕಾ, ಎಲ್ಲಾ ಬರಾಬರಿ ಅದ. ಆದ್ರ ಗಾಳಿ ಹೋಗಬೇಕಂದ್ರ ಅದಕ್ಕ ದಾರಿ ಬೇಕಲ್ಲ? ಒಂದು ಕಿಂಡಿ ತಗೀರಿ" ಅಂದ.

"ಹೋಗೂ ದಾರಿಯಾಗ ಇನ್ನೊಂದು ಬಂದ್ರ ಏನ್ ಮಾಡ್ಲಿ ಕಾಕಾ?"

"ಬರೂದಿಲ್ಲ, ನಾ ಇದ್ದೇನಲ್ಲ."

"ನೀ ಒಬ್ಬಾವ ಇದ್ದಿ. ಅವು ಎಷ್ಟ್ ಅದಾವೋ."

ಹೊರಸಿನ ಮೇಲೆ ನಮ್ಮವ್ವ ಎಚ್ಚರವಿಲ್ಲದೆ ಬಿದ್ದಿದ್ದಾಳೆ, ಪಕ್ಕದಲ್ಲೇ ಇವರಿಬ್ಬರ ವಾದ ಮುಗಿಯಲೊಲ್ಲದು. ಕಡೆಗೆ ರಾಜಿಯಾಯಿತು. ಬಾಗಿಲ ಬೀಗದ ಕೈ ಹಾಕುವ ತೂತಿನಿಂದ ಗಾಳಿ ಹೋಗಲಿ, ಅಷ್ಟು ಸಾಕು. ಆಯಿ ಆ ತೂತಿಗೆ ತುರುಕಿದ್ದ ಹತ್ತಿ ತೆಗೆದಳು. ಲಾಡ್ಲೆಸಾಬ ಓದಿ ಊದಿದ. "ಹೋತೇನು?" "ಹೋತು." ಆಯಿ ತಕ್ಷಣ ಹತ್ತಿಯನ್ನು ಮತ್ತೆ ತುರುಕಿದಳು. ಲಾಡ್ಲೆಸಾಬ ಎದ್ದವನು ಹೊಸ್ತಿಲು ದಾಟುವಾಗ ಓಲಾಡಿ, ಗೋಡೆ ಹಿಡಿದುಕೊಂಡು, "ತೌಬಾ! ಜಬರ್ದಸ್ತ ಗಾಳಿ ಅದ. ನನಗೂ ಹಿಡೀತು ನೋಡ್ರಿ" ಅಂತ ತಲೆ ಒತ್ತಿಕೊಳ್ಳುತ್ತ ಮನೆಗೆ ಹೋದ.

ಅಲ್ಲಿಗೆ ನಮ್ಮ ಮನೆಯ ಗಾಳಿಗೆ ಹೆಸರು ಬಂತು. ಲಾಡ್ಲೆಸಾಬನನ್ನೇ ಹಿಡಿದ ಗಾಳಿ ಎಂಥದ್ದು ಅಂತ ಧೈರ್ಯವಂತರು ಒಬ್ಬೊಬ್ಬರೇ ಬಂದು ಪರೀಕ್ಷೆಗೆ ಕೂತರು. ತಾಲೀಮಿನ ಪೈಲ್ವಾನನೊಬ್ಬ ತೊಡೆ ತಟ್ಟಿ ಒಳಗೆ ಹೋದವನು ಒಂದು ಹಾಡು ಹಾಡುವಷ್ಟರಲ್ಲಿ ಮಂಡಿಯೂರಿ ಹೊರಗೆ ಬಂದ. ನಮ್ಮ ಮನೆಯ ಬೆಕ್ಕು ಬೆಚ್ಚಗಿದೆ ಅಂತ ಹೊರಸಿನ ಕೆಳಗೆ ನುಸುಳಿ, ತೂರಾಡುತ್ತ ಬಂದು, ಆಮೇಲೆ ಆ ಕಡೆ ತಲೆ ಹಾಕಿ ಮಲಗಲಿಲ್ಲ. ಇಷ್ಟು ಜನರಲ್ಲಿ ಬುದ್ಧಿ ಬಂದದ್ದು ಆ ಬೆಕ್ಕಿಗೆ ಮಾತ್ರ.

ಅವ್ವನಿಗೆ ಒಮ್ಮೆ ಎಚ್ಚರ, ಒಮ್ಮೆ ಇಲ್ಲ; ನಿತ್ಯವೂ ಹೀಗಾದರೆ ಬಾಣಂತಿ ಉಳಿಯುವುದಿಲ್ಲ, ಗಾಣಗಾಪುರಕ್ಕೆ ಒಯ್ಯಿರಿ ಅಂತ ಹಿರಿಯರು ಹೇಳಿದರು. ಅಲ್ಲಿ ದತ್ತ ಮಹಾರಾಜರ ಸನ್ನಿಧಿಯಲ್ಲಿ ಗಾಳಿ ಹಿಡಿದವರು ಕಂಬ ಏರಿ ಕೂಗಾಡಿ, ಗಾಳಿ ಬಿಟ್ಟು ಇಳಿಯುತ್ತಾರೆ. ಪೀರಪ್ಪನ ಎತ್ತಿನ ಬಂಡಿ ಬಂತು. ಬಂಡಿಗೆ ಸುತ್ತ ಕೌದಿ ಕಟ್ಟಲು ಆಯಿ ಹಟ ಹಿಡಿದಳು, ಆದರೆ ಮನೆಯ ಕೌದಿಗಳೆಲ್ಲ ಖೋಲಿಯ ಸಂದಿಗೊಂದಿಗಳಲ್ಲಿದ್ದವು. ಅವನ್ನು ಬಿಚ್ಚಿದರೆ ಖೋಲಿಗೆ ಗಾಳಿ ಹೊಗುತ್ತದಲ್ಲ! ಹೀಗಾಗಿ ಅವ್ವನನ್ನು ಬರಿಯ ಬಂಡಿಯಲ್ಲಿ, ಮುಖದ ಮೇಲೊಂದು ಸೆರಗು ಹಾಕಿ ಮಲಗಿಸಿದರು. ಬಂಡಿ ಊರಬಾಗಿಲು ಅಗಸಿ ದಾಟಿ ಹೊಲದ ದಾರಿಗೆ ಬಿತ್ತು. ಸ್ವಲ್ಪ ದೂರ ಹೋಗುವುದರಲ್ಲಿ ಅವ್ವ ಕಣ್ಣು ಬಿಟ್ಟಳು.

"ಯವ್ವಾ, ಎಲ್ಲಿಗಿ ಹೊಂಟೇವಿ? ಹಸಿವಿ ಆಗ್ಯದ. ರೊಟ್ಟಿ ಅದ ಏನು?"

ಆಯಿ ಗಾಣಗಾಪುರದ ದಿಕ್ಕಿಗೆ ಅಲ್ಲೇ ಅಡ್ಡಬಿದ್ದಳು. ಮಹಾರಾಜರು ತಮ್ಮ ಹೆಸರು ಕೇಳಿದ ಕೂಡಲೇ ಗಾಳಿ ಬಿಡಿಸಿದರು, ಇನ್ನು ಅಷ್ಟು ದೂರ ಯಾಕೆ ಅಂತ ಬಂಡಿ ತಿರುಗಿಸಿದರು. ಮನೆಗೆ ಬಂದು ಬಾಣಂತಿಯನ್ನು ಮತ್ತೆ ಖೋಲಿಗೆ ಹಾಕಿ, ದಣಿದಿದ್ದಾಳೆ ಅಂತ ಶೆಗಡಿಗೆ ಇನ್ನಷ್ಟು ಇದ್ದಿಲು ತುಂಬಿ, ಬಾಗಿಲು ಹಾಕಿದರು. ಅವ್ವ ಮತ್ತೆ ಎಚ್ಚರ ತಪ್ಪಿದಳು. ಮತ್ತೆ ಬಂಡಿ, ಮತ್ತೆ ಅಗಸಿ, ಮತ್ತೆ 'ಹಸಿವಿ ಆಗ್ಯದ'. ಎಷ್ಟು ಸಲ ಹೀಗಾಯಿತೋ, ಕಡೆಕಡೆಗೆ ಪೀರಪ್ಪನ ಎತ್ತುಗಳು ಅಗಸಿ ದಾಟಿ ಬೇವಿನ ಗಿಡದ ಹತ್ತಿರ ಬಂದ ಕೂಡಲೇ ಯಾರೂ ಹೇಳದೆ ತಾವೇ ತಿರುಗಿ ನಿಲ್ಲುತ್ತಿದ್ದವು. "ನನ್ನ ಎತ್ತಿಗಿ ಗಾಣಗಾಪುರ ಇಲ್ಲೇ ಅದ ಅಂತ ತಿಳದದ್ರೋ" ಅಂತ ಪೀರಪ್ಪ ಗೊಣಗಿದ. ಅಗಸಿಯಲ್ಲೇ ಏನೋ ಶಕ್ತಿ ಇದೆ ಅಂತ ಕೆಲವರು ಅದಕ್ಕೆ ಕಾಯಿ ಒಡೆಯತೊಡಗಿದರು. ಮನೆಯೊಳಗೆ ಏನೋ ಇದೆ ಅಂತ ಮಾತ್ರ ಯಾರೂ ಅನ್ನಲಿಲ್ಲ.

ಅಂದರು, ಅಂದರು. ಅನ್ನಬಾರದ್ದನ್ನು ಅಂದರು. ಅದೇ ಖೋಲಿ, ಅದೇ ಹೊರಸು, ಅದೇ ಚಳಿಗಾಲ. ಇದು ಬೇರೆ ಯಾರ ಗಾಳಿಯೂ ಅಲ್ಲ, ಸತ್ತ ತುಳಜಾಬಾಯಿಯೇ ಬಂದು ತಂಗಿಯನ್ನು ಕರೆಯುತ್ತಿದ್ದಾಳೆ ಅಂತ ಬಾವಿಕಟ್ಟೆಯಲ್ಲಿ ಮಾತು ಹುಟ್ಟಿತು. ಆಯಿ ಕೊಡ ಅಲ್ಲೇ ಬಿಟ್ಟು ಹೆಂಗಸರ ಮೇಲೆ ಹರಿಹಾಯ್ದಳು. "ನನ್ನ ತುಳಜಾ ತಂಗೀಗಿ ಹಿಂಗ ಮಾಡಾಕಿ ಅಲ್ಲ! ಬದುಕಿದ್ದಾಗ ತನ್ನ ಪಾಲಿನ ಹೋಳಿಗಿ ತಂಗೀಗಿ ಕೊಡ್ತಿದ್ಲು. ನಿಮ್ಮ ನಾಲಗಿ ಸೇದಿ ಹೋಗ್ಲಿ!" ಹೀಗೆ ಬೈದು ಮನೆಗೆ ಬಂದವಳು ಒಲೆಯ ಮುಂದೆ ಕೂತು ಅತ್ತಳು. ಆ ಮಾತು ಅವಳೊಳಗೆ ಹೊಕ್ಕಿತ್ತು. ಅತ್ತದ್ದರಲ್ಲಿ ದುಃಖ ಎಷ್ಟಿತ್ತೋ, ಮಗಳು ಯಾವ ರೂಪದಲ್ಲಾದರೂ ಬಂದಿದ್ದಾಳಲ್ಲ ಅನ್ನುವ ಆಸೆಯೂ ಅಷ್ಟೇ ಇತ್ತು ಅಂತ ನಮ್ಮವ್ವ ಹೇಳುತ್ತಿದ್ದಳು.

ಮರುದಿನ ಊಟ ಮುಗಿದ ಮೇಲೆ, ಬಿಸಿಲು ನೆತ್ತಿಯಿಂದ ಇಳಿಯುವ ಹೊತ್ತಿಗೆ ಆಯಿ ಒಂದು ಉಪಾಯ ಹೂಡಿದಳು. ಅವ್ವನನ್ನೂ ನನ್ನನ್ನೂ ಪೀರಪ್ಪನ ಬಂಡಿಯಲ್ಲಿ ಹಾಕಿ, ಅಗಸಿಯಾಚೆ ಬೇವಿನ ಗಿಡದ ಕೆಳಗೆ ನಿಲ್ಲಿಸಿಕೊಂಡಿರು ಅಂತ ಕಳಿಸಿದಳು. ಆಮೇಲೆ ಅವ್ವನ ಸೀರೆ ತಾನು ಉಟ್ಟಳು. ಅವ್ವನ ಹಾಗೆ ತಲೆಗೆ ಬಟ್ಟೆ ಬಿಗಿದಳು. ಶೆಗಡಿಯ ತುಂಬ ಕೆಂಡ ಹಾಕಿದಳು.

ಮುತ್ಯಾ ಬಾಗಿಲಿಗೆ ಅಡ್ಡ ನಿಂತ. "ಏನ್ ಮಾಡಾಕತ್ತಿ ಬೇ ಇದು?"

"ಸಕ್ಕುನ್ನ ಹಿಡ್ಯಾಕ ಬರಾಕಿ ತುಳಜಾ ಆಗಿದ್ರ ನನ್ನ ಹಿಡೀಲಿ. ತಾಯಿಗಿ ಬಿಟ್ಟು ಹೋಗಾಕಿ ಅಲ್ಲ ಅಕಿ. ನೀವು ಸರೀರಿ."

"ನೀನೂ ಹೋದ್ರ ನಾ ಏನ್ ಮಾಡ್ಲಿ?"

"ರೊಟ್ಟಿ ಬಡ್ಯೂದು ಕಲೀರಿ."

ಒಳಗೆ ಹೋಗಿ ಅಗಣಿ ಹಾಕಿಕೊಂಡಳು. ಮುತ್ಯಾ ಬಾಗಿಲಿಗೆ ಕಿವಿ ಹಚ್ಚಿ ಕೂತ. ಮೊದಮೊದಲು ಆಯಿಯ ಮಾತು ಚೆನ್ನಾಗಿ ಕೇಳಿಸಿತಂತೆ. "ತುಳಜಾ, ಬಾರವ್ವ. ನಾ ಬಂದೀನಿ ನೋಡು. ಸಿಟ್ಟಿದ್ರ ನನ್ನ ಮ್ಯಾಲ ತೀರಿಸ್ಕೋ... ಕೂಸು ಹ್ಯಾಂಗದವ್ವಾ? ಅದಕ್ಕ ಕುಂಚಗಿ ಹೊಲದಿಟ್ಟಿದ್ದೆ, ಹಾಕಾಕ ಆಗಲಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಬಾರಲ್ಲೆ, ಎಷ್ಟೊತ್ತು ಕಾಯ್ಲಿ? ನನಗ ತಲಿ ನೂಯಾಕತ್ತದ" ಅಂತ ಗದರಿದಳು. ಆಮೇಲೆ ಕಾರಿಕೊಂಡ ಸದ್ದು. ಆಮೇಲೆ ಏನೂ ಇಲ್ಲ.

ತಾಯಿ ಮಗಳು ಕೂಡಿದರು, ಮಾತಾಡಲಿ ಅಂತ ಮುತ್ಯಾ ಸುಮ್ಮನೆ ಕೂತ. ನಮ್ಮ ಮುತ್ಯಾನ ಬುದ್ಧಿ ಅಷ್ಟು ಚಂದ! ಆದರೆ ಮದುವೆಯಾದ ದಿನದಿಂದ ಆ ಹೆಂಗಸು ಅಷ್ಟು ಹೊತ್ತು ಸುಮ್ಮನಿದ್ದದ್ದೇ ಇಲ್ಲ ಅಂತ ಅವನಿಗೆ ಒಮ್ಮೆಲೇ ಹೊಳೆಯಿತು. ಬಾಗಿಲು ಬಡಿದ, ಒದ್ದ, ಹೆಸರು ಹಿಡಿದು ಕೂಗಿದ. ಗಂಡ ಹೆಸರು ಹಿಡಿದು ಕೂಗಿದರೂ ಅವಳು ಬೈಯಲಿಲ್ಲ. ತೇಗದ ಬಾಗಿಲು, ಎರಡು ಕೌದಿ, ಒಳಗೆ ಅಗಣಿ. ಮುತ್ಯಾ ಏಣಿ ಇಟ್ಟು ಮಾಳಿಗೆ ಹತ್ತಿ, ತಾನೇ ಮೆತ್ತಿದ ಮಣ್ಣನ್ನು ಉಗುರಿನಿಂದ ಕೆದರಿ, ಹಾರೆ ಹಾಕಿ ಬೀಸುಕಲ್ಲು ಹೊರಳಿಸಿದ. ಕಿಂಡಿಯಿಂದ ಮೇಲೆದ್ದ ಬಿಸಿ ಉಸಿರು ಮುಖಕ್ಕೆ ಹೊಡೆದು ಅವನಿಗೇ ಕಣ್ಣು ಕತ್ತಲೆ ಬಂತು. ಬಾಗಿಲ ಹತ್ತಿರದಲ್ಲೇ ಇದ್ದ ಆ ಕಿಂಡಿಯಲ್ಲಿ ಕೈ ಹಾಕಿ ಉದ್ದ ಹಾರೆಯಿಂದ ಬಾಗಿಲ ಮೇಲಿನ ಕೌದಿಯನ್ನು ಕೆಡವಿದ, ಅಗಣಿಯನ್ನು ತಿವಿದು ತಿವಿದು ಸರಿಸಿದ. ಬಾಗಿಲು ಅಷ್ಟಗಲ ತೆರೆಯಿತು. ಹೊಳೆಯ ಕಡೆಯ ಗಾಳಿ ಪಡಸಾಲೆ ಹಾಯ್ದು ಒಳಗೆ ನುಗ್ಗಿ, ಕಿಂಡಿಯಿಂದ ಮೇಲೆದ್ದು ಹೋಯಿತು. ಶೆಗಡಿಯ ಕೆಂಡ ಭುಗ್ಗಂತ ಹೊಳೆಯಿತು.

ತಲೆ ತಿರುಗಿ ಏಣಿ ಇಳಿಯಲಾಗದೆ ಮುತ್ಯಾ ಕಿಂಡಿಯಲ್ಲಿ ತಲೆ ಇಟ್ಟು ಕೂಗುತ್ತಲೇ ಇದ್ದ. ಬಹಳ ಹೊತ್ತಿನ ಮೇಲೆ ಕೆಳಗಿನಿಂದ ಸಣ್ಣ ದನಿ ಬಂತು.

"ಯಾವಲೇ ಅವ, ಕಿಂಡಿ ತಗದಾವ..."

ಮುತ್ಯಾ ಮಾಳಿಗೆಯ ಮೇಲೆ ಕೂತು ನಕ್ಕ, ಅತ್ತ, ಮತ್ತೆ ನಕ್ಕ. ಆಯಿ ಹೊರಸಿನ ಮೇಲೆ ಮೆಲ್ಲಗೆ ಎದ್ದು ಕೂತಳು. ಕಿಂಡಿಯ ಬೆಳಕು ಗುಂಡಗೆ ಅವಳ ಮಡಿಲಿಗೆ ಬಿದ್ದಿತ್ತು. ಬಾಯಿ ತೆರೆದು ಉಸಿರು ಎಳೆದುಕೊಂಡಳು, ಇನ್ನೊಮ್ಮೆ ಎಳೆದುಕೊಂಡಳು. ತಲೆಗೆ ಬಿಗಿದ ಬಟ್ಟೆ ಬಿಚ್ಚಿದಳು.

"ಬಂದಿದ್ಲೇನು ತುಳಜಾ?" ಅಂತ ಮುತ್ಯಾ ಮೇಲಿನಿಂದ ಕೇಳಿದ.

"ಇಲ್ಲ. ಯಾರೂ ಬರಲಿಲ್ಲ. ಕಾದೆ, ಕರದೆ. ಇಲ್ಲಿ ಯಾರೂ ಇಲ್ಲ." ಹಣೆ ಒತ್ತಿಕೊಳ್ಳುತ್ತ, "ತಲಿ ಸಿಡೀತು. ಹೊಟ್ಟಿ ತೊಳಸ್ತು. ಎದ್ದು ಬಾಗಲಾ ತಗೀಬೇಕಂದ್ರ ಕಾಲಾಗ ಕಸುವೇ ಇರಲಿಲ್ಲ. ಈಗ ಗಾಳಿ ಬಡೀತು ನೋಡ್ರಿ, ಅದಕ್ಕ ಎಚ್ಚರಾತು" ಅಂದಳು.

ಹಾಗಂದವಳು ತನ್ನ ಮಾತು ತಾನೇ ಕೇಳಿಸಿಕೊಂಡಳು. ಶೆಗಡಿ ನೋಡಿದಳು. ತಾನು ಮೆತ್ತಿದ ಗೋಡೆಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಮುಖ ಎತ್ತಿ ಗಂಡನನ್ನು ಕೇಳಿದಳು.

"ಗಾಳಿ ಬಡದು ನಾ ಎದ್ದೆ. ಹಂಗಾದ್ರ ತುಳಜಾಗ ಬಡದದ್ದು ಏನ್ರಿ?"

ಮುತ್ಯಾನಿಗೂ ಆಗಲೇ ತಿಳಿದಿತ್ತು. ಕಿಂಡಿಯ ಅಂಚಿನ ಮಣ್ಣನ್ನು ಕೈಯಿಂದ ಸರಿಸುತ್ತ ಕೂತ.

ಆಯಿ ಅಳಲಿಲ್ಲ. ಎದ್ದು, ಸೆರಗಿನಲ್ಲಿ ಕೈ ಸುತ್ತಿಕೊಂಡು ಶೆಗಡಿಯನ್ನು ಅಂಗಳಕ್ಕೆ ಎಳೆದು ಹಾಕಿ, ಅಗಸಿಯ ತನಕ ನಡೆದು ಹೋಗಿ ಅವ್ವನನ್ನೂ ನನ್ನನ್ನೂ ಕರೆತಂದಳು. ಆವತ್ತಿನಿಂದ ನಮ್ಮ ಮನೆಯಲ್ಲಿ ಶೆಗಡಿಗೆ ಅವಳದೇ ಕಾಯಿದೆ. ಇದ್ದಿಲು ಅಂಗಳದಲ್ಲೇ ಹೊತ್ತಿ ಕೆಂಡವಾಗಬೇಕು. ಬೆಳಕಿಂಡಿ ತೆರೆದಿರಬೇಕು, ಬಾಗಿಲು ಒಂದು ಗೇಣಾದರೂ ತೆರೆದಿರಬೇಕು, ಆಮೇಲೆ ಶೆಗಡಿ ಒಳಗೆ. ಯಾರದಾದರೂ ಕಣ್ಣು ಅದರ ಮೇಲಿರಬೇಕು. ಎಲ್ಲರೂ ಮಲಗುವ ಮುಂಚೆ ಶೆಗಡಿ ಹೊರಗೆ, ಚಳಿಯಾದರೆ ಇನ್ನೊಂದು ಕೌದಿ. ಹೊಗೆ ಕಾಣುವುದಿಲ್ಲ ಅಂತ ನಂಬಬಾರದು, ಮುಚ್ಚಿದ ಖೋಲಿಯಲ್ಲಿ ಕೆಂಡದ ಉಸಿರೇ ವಿಷ. ದೀಪ ಹಿಡಿದು ಗೋಡೆಗುಂಟ ಓಡಾಡುವ ಚಾಳಿ ಹೋಗಲಿಲ್ಲ, ಈಗ ಕುಡಿ ಅಲುಗದಿದ್ದರೆ ಬೈಗುಳ.

ಇಷ್ಟಕ್ಕೆ ನಿಂತಿದ್ದರೆ ಆಕೆ ನಮ್ಮ ಆಯಿ ಆಗುತ್ತಿರಲಿಲ್ಲ. ಒಂದು ಉದ್ದ ಕೋಲು ಹಿಡಿದು ಊರಿನ ಬಾಣಂತಿ ಖೋಲಿಗಳಿಗೆ ನುಗ್ಗತೊಡಗಿದಳು. ದಂಡಿನ ಭಯಕ್ಕೆ ಎಲ್ಲರ ಕಿಂಡಿಗಳೂ ಮುಚ್ಚಿದ್ದವಲ್ಲ, ಕೆಳಗಿನಿಂದ ಕೋಲು ಹಾಕಿ ತಿವಿಯುವುದು, ಮೇಲಿನ ಮಣ್ಣು ಉಣ್ಣುವವರ ಗಂಗಾಳದಲ್ಲಿ ಬೀಳುವುದು. ಕಳ್ಳರು ಮೇಲಿಂದ ಬರುತ್ತಾರೆ ಅಂತ ಕಾದರೆ ಹಣಮವ್ವ ಕೆಳಗಿನಿಂದ ಬಂದಳು ಅಂತ ಜನ ಬೈದರು. ಮರುವರ್ಷ ಶ್ರಾವಣ ಕಳೆದು ಭಾದ್ರಪದದಲ್ಲಿ ನಿಜವಾಗಿಯೂ ದಂಡು ಬಂತು, ಸ್ವತಂತ್ರ ದೇಶದ ದಂಡು. ನಿಜಾಮರ ಸೀಮೆ ಮುಗಿಯಿತು. ಆ ಗದ್ದಲದಲ್ಲಿ ಊರೆಲ್ಲ ಬಾಗಿಲು ಜಡಿದು ಒಳಗೆ ಕೂತಿದ್ದರೆ ಓಣಿಯಲ್ಲಿ ಓಡಾಡಿದವಳು ಒಬ್ಬಳೇ, ಕೋಲು ಹಿಡಿದ ನಮ್ಮ ಆಯಿ.

ಆದರೆ ಕೋಲಿಗೆ, ಬೈಗುಳಕ್ಕೆ ಜಗ್ಗದ ಮನೆಗಳೂ ಇದ್ದವು. ಹಿರಿಯ ಹೆಂಗಸರು ಬಾಗಿಲಲ್ಲಿ ನಿಂತು, "ಬಾಣಂತಿಗಿ ಗಾಳಿ ಬಡೀತದ ಹಣಮವ್ವ. ನಿನ್ನ ತುಳಜಾಗ ಬಡೀಲಿಲ್ಲೇನು? ನಿನಗ ಹೇಳಬೇಕೇನು?" ಅನ್ನುತ್ತಿದ್ದರು. ಆಗ ಆಯಿ ಕೋಲು ಗೋಡೆಗೆ ಆನಿಸಿ ಇಟ್ಟು ಅವರ ಹೊಸ್ತಿಲ ಮೇಲೆ ಕೂರುತ್ತಿದ್ದಳಂತೆ. ನಾನು ದೊಡ್ಡವಳಾಗಿ ಅವಳ ಜೊತೆ ಹೋಗತೊಡಗಿದ ಮೇಲೆ ನಾನೂ ಕೇಳಿದ್ದೇನೆ. ಪ್ರತಿ ಮನೆಯಲ್ಲೂ ಅದೇ ಮಾತು, ಅದೇ ದನಿ.

"ನನ್ನ ಮಗಳು ಗಾಳಿ ಬಡದು ಸತ್ತಿಲ್ರವ್ವಾ. ಬಾಗಲಾ ತಗೀ ಯವ್ವಾ ಅಂತ ಕೇಳಿದ್ಲು. ನಾ ತಗೀಲಿಲ್ಲ."

ಆಮೇಲೆ ಆ ಮನೆಯ ಗಂಡಸರಲ್ಲಿ ಒಬ್ಬರು ಎದ್ದು ಏಣಿ ತರಲು ಹೋಗುತ್ತಿದ್ದರು.